ಹಳೆಯ ಆಲ್ಕೋ ಡೀಸೆಲ್‌ಗಳು: ಸಿಮ್ಯುಲೇಟರ್‌ಗೆ ಮಾದರಿ ಆರಿಸುವುದು ಮತ್ತು ತಿದ್ದುವುದು

ಭಾರತೀಯ ರೈಲ್ವೆಯ ಡಬ್ಲ್ಯೂಡಿಎಂ-2 ಡೀಸೆಲ್ ಲೋಕೊಗೆ ರೈಲು ಸಿಮ್ಯುಲೇಟರ್‌ಗಳಲ್ಲಿ ಮಾದರಿಗಳ ಕೊರತೆಯಿಲ್ಲ. 2001ರಲ್ಲಿ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಬಂದ ನಂತರ ನಮ್ಮ ದೇಶದ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ರೂಪಿಸಿ ಪುಕ್ಕಟೆಯಾಗಿ ಹಂಚಿದವು ಕೆಲವು. ಅದೇ ಫೈಲುಗಳನ್ನು ಓದಿ ಓಡಿಸಬಲ್ಲ, ಇಂದಿಗೂ ಬೆಳೆಯುತ್ತಿರುವ ಓಪನ್ ರೈಲ್ಸ್‌ಗಾಗಿ ಆಮೇಲೆ ಸಿದ್ಧವಾದವು ಇನ್ನು ಕೆಲವು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಬಹುತೇಕರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಬಣ್ಣವನ್ನು ಕೊನೆಗೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಕೈಯಿಂದ ತಿದ್ದಲಾಗದ ಭಾಗಗಳು ಸರಿಯಾಗಿವೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ತಿದ್ದಬಹುದಾದ ಭಾಗಗಳು ಎಷ್ಟೇ ಕೆಟ್ಟಿದ್ದರೂ ಅದಕ್ಕಾಗಿ ಮಾದರಿಯನ್ನು ಕೈಬಿಡಬೇಕಾಗಿಲ್ಲ. ಲೋಹದ ಮೈಯ ಆಕಾರ ತಿದ್ದಲಾಗದ ಗುಂಪಿಗೆ ಸೇರಿದರೆ, ಎಳೆತ, ವೇಗ, ಹೊಗೆ, ಶಬ್ದ ಮತ್ತು ಬ್ರೇಕು ಬರಿಯ ಪಠ್ಯ ಫೈಲುಗಳಲ್ಲಿ ಕುಳಿತಿರುವ ಅಂಕಿಗಳಾದ್ದರಿಂದ ತಿದ್ದಬಹುದಾದ ಗುಂಪಿಗೆ ಸೇರುತ್ತವೆ.

ಮೊದಲಿಗೆ ನಿಜವಾದ ಲೋಕೊದ ಬಗ್ಗೆ ಕೆಲವು ಮಾತು ಅಗತ್ಯ, ಏಕೆಂದರೆ ಮುಂದಿನ ಎಲ್ಲ ತಿದ್ದುಪಡಿಗಳಿಗೂ ಅದೇ ಅಳತೆಗೋಲು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೋ, ತನ್ನ ಡಿಎಲ್-560ಸಿ ವಿನ್ಯಾಸದ ಲೋಕೊಗಳನ್ನು 1962ರಲ್ಲಿ ಭಾರತಕ್ಕೆ ಕಳುಹಿಸತೊಡಗಿತು. 1964ರಲ್ಲಿ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ಅದೇ ವಿನ್ಯಾಸದ ಲೋಕೊಗಳನ್ನು ಹೊರತರಲು ಆರಂಭಿಸಿತು. ಆಲ್ಕೋ 1969ರಲ್ಲಿ ಲೋಕೊ ತಯಾರಿಕೆಯನ್ನೇ ನಿಲ್ಲಿಸಿದರೂ ವಾರಾಣಸಿಯಲ್ಲಿ ಈ ತಳಿ ದಶಕಗಳ ಕಾಲ ಮುಂದುವರಿದು, ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯೂಡಿಎಂ-2ಗಳು ದೇಶದ ಬ್ರಾಡ್‌ಗೇಜ್ ಹಳಿಗಳಿಗೆ ಇಳಿದವು. ಟರ್ಬೋಚಾರ್ಜರ್ ಹೊಂದಿದ, ನಾಲ್ಕು ಸ್ಟ್ರೋಕಿನ, 16 ಸಿಲಿಂಡರಿನ 251ಬಿ ಎಂಜಿನ್, 2,600 ಅಶ್ವಶಕ್ತಿ, 112.8 ಟನ್ ತೂಕ, ಗಂಟೆಗೆ 120 ಕಿ.ಮೀ. ಗರಿಷ್ಠ ವೇಗ: ಇವು ಅದರ ಮುಖ್ಯ ಲಕ್ಷಣಗಳು.

ಆಕಾರವನ್ನು ಪರೀಕ್ಷಿಸುವಾಗ ನಾನು ಮೊದಲು ನೋಡುವುದು ಕೆಳಭಾಗವನ್ನು. ಈ ಲೋಕೊದ ಎರಡೂ ತುದಿಗಳಲ್ಲಿ ಮೂರು ಮೂರು ಅಚ್ಚುಗಳ ಟ್ರೈಮೌಂಟ್ ಚಕ್ರಚೌಕಟ್ಟುಗಳಿವೆ, ಮತ್ತು ಆ ಮೂರು ಅಚ್ಚುಗಳ ನಡುವಿನ ಅಂತರ ಸಮವಾಗಿಲ್ಲ. ನಡುವಿನ ಗಾಲಿ ಒಂದು ಕಡೆಗೆ ಸರಿದು ನಿಂತಿರುತ್ತದೆ. ಪ್ಲಾಟ್‌ಫಾರಂನಲ್ಲಿ ನಿಂತ ಲೋಕೊವನ್ನು ಪಕ್ಕದಿಂದ ನೋಡಿದರೆ ಬರಿಗಣ್ಣಿಗೇ ಗೊತ್ತಾಗುವಷ್ಟು ಸ್ಪಷ್ಟವಾದ ಸಂಗತಿಯಿದು. ಆದರೂ ಹಲವು ಮಾದರಿಗಳಲ್ಲಿ ಮೂರು ಗಾಲಿಗಳನ್ನು ಸಮ ಅಂತರದಲ್ಲಿ ಜೋಡಿಸಿರುತ್ತಾರೆ. ಬೇರೊಂದು ಲೋಕೊದ ಚೌಕಟ್ಟನ್ನು ತಂದು ಅಂಟಿಸಿದ್ದಾರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವು ಬೇಕಿಲ್ಲ, ಮತ್ತು ಮೂಲ ಕರ್ತೃವಿನ ವಿನ್ಯಾಸ ಫೈಲು ಕೈಗೆ ಸಿಗದ ಹೊರತು ಇದನ್ನು ಸರಿಪಡಿಸುವ ದಾರಿಯೂ ಇಲ್ಲ. ಹೀಗಾಗಿ ಗಾಲಿಗಳ ಅಂತರ ತಪ್ಪಿರುವ ಮಾದರಿಯನ್ನು, ಅದರ ಬಣ್ಣ ಎಷ್ಟೇ ಚೆನ್ನಾಗಿದ್ದರೂ, ನಾನು ಇಟ್ಟುಕೊಳ್ಳುವುದಿಲ್ಲ.

ಎರಡನೆಯದು ಹಳಿಯ ಅಗಲ. ಮೈಕ್ರೋಸಾಫ್ಟಿನ ಸಿಮ್ಯುಲೇಟರ್‌ನಲ್ಲಿ ಬಂದ ಹಳಿ 1,435 ಮಿ.ಮೀ. ಅಗಲದ್ದು, ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಆರಂಭದ ವರ್ಷಗಳ ಹಲವು ಮಾದರಿಗಳಲ್ಲಿ ಗಾಲಿಗಳನ್ನು ಆ ಕಿರಿದಾದ ಹಳಿಗೆ ಹೊಂದುವಂತೆ ಒಳಕ್ಕೆ ತಳ್ಳಿರುವುದರಿಂದ, ಎದುರಿನಿಂದ ನೋಡಿದಾಗ ದೊಡ್ಡ ಮೈ ಸಣ್ಣ ಕಾಲುಗಳ ಮೇಲೆ ನಿಂತಂತೆ ಕಾಣುತ್ತದೆ. ಇತ್ತೀಚೆಗೆ ಬ್ರಾಡ್‌ಗೇಜ್ ಹಳಿಗಳನ್ನೇ ಬಳಸಿ ಕಟ್ಟಿದ ಭಾರತೀಯ ಮಾರ್ಗಗಳು ಲಭ್ಯವಿರುವುದರಿಂದ, ನೀವು ಓಡಿಸುವ ಮಾರ್ಗದ ಹಳಿ ಯಾವುದು ಎಂಬುದನ್ನು ತಿಳಿದುಕೊಂಡು ಅದಕ್ಕೆ ಹೊಂದುವ ಮಾದರಿಯನ್ನು ಆರಿಸುವುದು ಒಳ್ಳೆಯದು.

ಮೂರನೆಯದು ಕಾಲ. ಮಾದರಿ ಯಾವ ದಶಕದ್ದು ಎಂದು ಕೇಳಿದರೆ ಅದರ ಮೈಯ ಮೇಲಿನ ಸಣ್ಣ ಸಣ್ಣ ಸಂಗತಿಗಳು ಒಂದೇ ಉತ್ತರ ಕೊಡಬೇಕು. ಮಾಡಿನ ಮೇಲೆ ಡೈನಮಿಕ್ ಬ್ರೇಕಿನ (ಮೋಟಾರುಗಳನ್ನೇ ಜನರೇಟರುಗಳಂತೆ ಬಳಸಿ ವೇಗ ತಗ್ಗಿಸುವ ಬ್ರೇಕು) ರೆಸಿಸ್ಟರ್‌ಗಳ ಪೆಟ್ಟಿಗೆ ಎದ್ದು ನಿಂತಿದ್ದರೆ ಅದು ನಂತರದ ಕಾಲದ, 3,100 ಅಶ್ವಶಕ್ತಿಯ ಡಬ್ಲ್ಯೂಡಿಎಂ-3ಎಯ ರೂಪ. 1970ರ ದಶಕದ ರೈಲಿನ ಮುಂದೆ ಅದನ್ನು ನಿಲ್ಲಿಸುವುದು ಸರಿಯಲ್ಲ. ಡಬ್ಲ್ಯೂಡಿಎಂ-2ರಲ್ಲಿಯೇ ಕ್ಯಾಬಿನ ಒಂದು ಬದಿಯ ಗಿಡ್ಡ ಹೊದಿಕೆ, ಅಂದರೆ ಚಿಕ್ಕ ಹುಡ್, ಪೂರ್ತಿ ಅಗಲಕ್ಕೆ ಹರಡಿಕೊಂಡ, ರೈಲ್ವೆಯವರು ಜಂಬೋ ಎಂದು ಕರೆಯುತ್ತಿದ್ದ ಒಂದು ಸಣ್ಣ ತಂಡವಿತ್ತು. ಅದರ ಆಕಾರಕ್ಕೆ ಸಾಮಾನ್ಯ ಲೋಕೊದ ಸಂಖ್ಯೆ ಬರೆದಿರುವ ಮಾದರಿಗಳೂ ಚಲಾವಣೆಯಲ್ಲಿವೆ. ನಮ್ಮ ಕರ್ನಾಟಕದ ಓದುಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ನೈಋತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಬೆಂಗಳೂರು ಮತ್ತು ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಲ್ಲಿದ್ದವು, ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು. ಆದ್ದರಿಂದ 1980ರ ದಶಕದ ಕೃಷ್ಣರಾಜಪುರ ಶೆಡ್ಡಿನ ಲೋಕೊ ಎಂದು ಹೇಳಿಕೊಳ್ಳುವ ಮಾದರಿಯ ಮೇಲೆ ನೈಋತ್ಯ ರೈಲ್ವೆಯ ಅಕ್ಷರಗಳು ಇರಕೂಡದು. ಇದು ಬಣ್ಣದ ಫೈಲಿನಲ್ಲಿಯೇ ಇರುವ ದೋಷವಾದ್ದರಿಂದ ಸುಲಭವಾಗಿ ತಿದ್ದಬಹುದು.

ಇಷ್ಟನ್ನು ದಾಟಿ ಬಂದ ಮಾದರಿಯ ಎಂಜಿನ್ ಫೈಲನ್ನು ತೆರೆದು ನೋಡುವುದು ಮುಂದಿನ ಹೆಜ್ಜೆ. ಮೈಕ್ರೋಸಾಫ್ಟಿನ ಸಿಮ್ಯುಲೇಟರ್‌ನ ಜೊತೆಗೇ ಬಂದ ಡೀಸೆಲ್ ಲೋಕೊಗಳು ಅಮೆರಿಕದವು: 4,400 ಅಶ್ವಶಕ್ತಿಯ ಡ್ಯಾಶ್-9 ಮತ್ತು 2,000 ಅಶ್ವಶಕ್ತಿಯ ಜಿಪಿ-38. ಮಾದರಿ ಕಟ್ಟುವವರು ಆಕಾರಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸಿ, ಕೊನೆಗೆ ಆ ಎರಡರಲ್ಲಿ ಒಂದರ ಎಂಜಿನ್ ಫೈಲನ್ನೇ ನಕಲು ಮಾಡಿ ಹೆಸರು ಬದಲಿಸಿ ಬಿಡುತ್ತಿದ್ದುದು ಸಾಮಾನ್ಯವಾಗಿತ್ತು. ಹೀಗಾಗಿ ಹೊರಗೆ ಡಬ್ಲ್ಯೂಡಿಎಂ-2 ಆಗಿದ್ದರೂ ಒಳಗೆ ಡ್ಯಾಶ್-9 ಆಗಿರುವ ಲೋಕೊ ನಿಮ್ಮ ಕೈಗೆ ಬರುವ ಸಂಭವ ಹೆಚ್ಚು.

ಇದನ್ನು ಪತ್ತೆ ಹಚ್ಚುವ ಒಂದು ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದಾಗ ಹಳಿ ಒಂದು ಮೀಟರ್ ಮೇಲೇರುತ್ತದೆ. ಅಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು ಈ ಶತಮಾನದಲ್ಲಿ, ಆದ್ದರಿಂದ ಡಬ್ಲ್ಯೂಡಿಎಂ-2ರ ಏರುಜವ್ವನಕ್ಕೂ ಆ ಘಾಟಿಗೂ ನೇರ ಸಂಬಂಧವಿಲ್ಲ. ಆದರೆ ಪರೀಕ್ಷೆಗೆ ಆ ಏರು ಬಹಳ ಅನುಕೂಲಕರ. ಅಂತಹ ಏರಿನಲ್ಲಿ ಪ್ರತಿ ಟನ್ ತೂಕವನ್ನು ಮೇಲಕ್ಕೆ ಎಳೆಯಲು 20 ಕೆ.ಜಿ. ಬಲ ಬೇಕು, ಗಾಲಿ ಉರುಳುವಾಗಿನ ಪ್ರತಿರೋಧ ಮತ್ತು ತಿರುವುಗಳಿಗಾಗಿ ಇನ್ನೂ ಮೂರು ನಾಲ್ಕು ಕೆ.ಜಿ. ಸೇರಿಸಿಕೊಳ್ಳೋಣ. 900 ಟನ್ನಿನ ಪ್ರಯಾಣಿಕರ ರೈಲಿಗೆ ಲೋಕೊದ ಸ್ವಂತ ತೂಕವನ್ನು ಕೂಡಿಸಿದರೆ ಸುಮಾರು 1,013 ಟನ್ ಆಗುತ್ತದೆ, ಬೇಕಾಗುವ ಬಲ ಸುಮಾರು 24 ಟನ್. ಡಬ್ಲ್ಯೂಡಿಎಂ-2 ನಿಂತಲ್ಲಿಂದ ಹೊರಡುವಾಗ 30.45 ಟನ್ ಬಲದಿಂದಲೂ, ಮೋಟಾರುಗಳು ಮಿತಿಮೀರಿ ಬಿಸಿಯಾಗದಂತೆ ನಿರಂತರವಾಗಿ 24.6 ಟನ್ ಬಲದಿಂದಲೂ ಎಳೆಯಬಲ್ಲದು. ಎಂದರೆ 900 ಟನ್ ಅದರ ಮಿತಿಯ ಅಂಚು. ಇದೇ ಏರಿನಲ್ಲಿ ನಿಮ್ಮ ಮಾದರಿ 1,500 ಟನ್ನನ್ನು ಒಂಟಿಯಾಗಿ ಎಳೆದುಕೊಂಡು ಹೋದರೆ ಅದರ ಅಂಕಿಗಳು ಖಂಡಿತವಾಗಿ ತಪ್ಪು.

ವೇಗವೂ ಅಷ್ಟೇ ಮುಖ್ಯ. 2,600 ಅಶ್ವಶಕ್ತಿ ಎಂಬುದು ಎಂಜಿನ್ನಿನ ಲೆಕ್ಕ. ಅದರಲ್ಲಿ ಸ್ವಲ್ಪ ಭಾಗ ರೇಡಿಯೇಟರ್ ಫ್ಯಾನು, ಕಂಪ್ರೆಸರ್ ಮೊದಲಾದವುಗಳಿಗೆ ಹೋಗುತ್ತದೆ, ಇನ್ನು ಸ್ವಲ್ಪ ಜನರೇಟರ್ ಮತ್ತು ಮೋಟಾರುಗಳಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಹಳಿಯವರೆಗೆ ತಲುಪುವುದು ಸುಮಾರು ಐದರಲ್ಲಿ ನಾಲ್ಕು ಭಾಗ ಎಂದು ಹಿಡಿದರೆ, ಮೇಲಿನ ರೈಲು ಆ ಏರಿನಲ್ಲಿ ಗಂಟೆಗೆ 24 ಕಿ.ಮೀ. ಆಸುಪಾಸಿನಲ್ಲಿ ಸಾಗಬೇಕು. ಪೂರ್ಣ 2,600ನ್ನು ಹಳಿಯ ಮೇಲಿನ ಶಕ್ತಿಯೆಂದು ಬರೆದಿಟ್ಟ ಮಾದರಿ 30ರ ಹತ್ತಿರ ಓಡುತ್ತದೆ. ಡ್ಯಾಶ್-9ರ ಅಂಕಿಗಳನ್ನು ಹೊತ್ತ ಮಾದರಿ 50 ಮುಟ್ಟುತ್ತದೆ. ಓಪನ್ ರೈಲ್ಸ್‌ನ ಎಂಜಿನ್ ಫೈಲಿನಲ್ಲಿ ಮ್ಯಾಕ್ಸ್‌ಪವರ್ ಎಂಬ ಸಾಲು ಹಳಿಯ ಮೇಲಿನ ಶಕ್ತಿಗೆ ಮೀಸಲು, ಡೀಸೆಲ್ ಎಂಜಿನ್ನಿನ ವಿಭಾಗದೊಳಗಿನ ಮ್ಯಾಕ್ಸಿಮಲ್‌ಪವರ್ ಎಂಬುದು ಎಂಜಿನ್ನಿನ ಶಕ್ತಿಗೆ. ಇವೆರಡರಲ್ಲಿಯೂ ಒಂದೇ ಅಂಕಿ ಬರೆದಿದ್ದರೆ ಮೊದಲು ಅದನ್ನೇ ಬೇರ್ಪಡಿಸಿ. ಹೊರಡುವ ಬಲಕ್ಕೆ 299 ಕಿಲೋನ್ಯೂಟನ್, ನಿರಂತರ ಬಲಕ್ಕೆ 241 ಕಿಲೋನ್ಯೂಟನ್ ಎಂದು ತುಂಬಿದರೆ ಎಳೆತದ ಮುಖ್ಯ ಕೆಲಸ ಮುಗಿಯುತ್ತದೆ.

ಆದರೆ ಎಳೆತ ಸರಿಹೋದ ಮಾತ್ರಕ್ಕೆ ಲೋಕೊ ಆಲ್ಕೋ ಆಗುವುದಿಲ್ಲ. ಆಲ್ಕೋದ ಜೀವಾಳ ಇರುವುದು ಅದು ಶಕ್ತಿಯನ್ನು ಕೂಡಿಸಿಕೊಳ್ಳುವ ರೀತಿಯಲ್ಲಿ. ಚಾಲಕ ಥ್ರಾಟಲನ್ನು ಒಂದು ನಾಚ್, ಅಂದರೆ ಒಂದು ಮೆಟ್ಟಿಲು, ಮುಂದಕ್ಕೆ ತಳ್ಳಿದ ಕೂಡಲೇ ಎಂಜಿನ್ನಿನ ವೇಗವನ್ನು ನಿಯಂತ್ರಿಸುವ ಗವರ್ನರ್ ಹೆಚ್ಚು ಇಂಧನ ಬಿಡುತ್ತದೆ. ಆದರೆ ಆ ಇಂಧನ ಪೂರ್ತಿಯಾಗಿ ಉರಿಯಲು ಬೇಕಾದ ಗಾಳಿಯನ್ನು ಒತ್ತಿ ಕೊಡಬೇಕಾದ ಟರ್ಬೋಚಾರ್ಜರ್ ತಿರುಗುವುದು ಎಂಜಿನ್ ಹೊರಬಿಟ್ಟ ಹೊಗೆಯ ಬಲದಿಂದಲೇ, ಆದ್ದರಿಂದ ಅದು ವೇಗ ಪಡೆಯುವವರೆಗೆ ಗಾಳಿ ಸಾಲದು. ಆ ಕೆಲವು ಸೆಕೆಂಡುಗಳಲ್ಲಿ ಕೊಳವೆಯಿಂದ ಕಪ್ಪು ಹೊಗೆ ಉಕ್ಕುತ್ತದೆ, ಟರ್ಬೋ ಹಿಡಿತಕ್ಕೆ ಬಂದಂತೆ ಹೊಗೆ ತೆಳುವಾಗುತ್ತದೆ, ಆಮೇಲೆ ರೈಲು ಮೆಲ್ಲನೆ ಎಳೆತಕ್ಕೆ ಸಿಕ್ಕಿ ಚಲಿಸುತ್ತದೆ. ನಾಚ್, ಹೊಗೆ, ಎಂಜಿನ್ನಿನ ಏರುದನಿ, ಎಳೆತ ಎಂಬ ಈ ಕ್ರಮವನ್ನು ಮಾದರಿ ಪಾಲಿಸುತ್ತಿದ್ದರೆ, ಅದರ ಬಣ್ಣ ಮಸುಕಾಗಿದ್ದರೂ ಕಣ್ಮುಚ್ಚಿ ಕುಳಿತವನಿಗೆ ಆಲ್ಕೋ ಎಂದು ಗೊತ್ತಾಗುತ್ತದೆ.

ಓಪನ್ ರೈಲ್ಸ್ ಇದಕ್ಕೆ ಬೇಕಾದ ಸಲಕರಣೆಗಳನ್ನೆಲ್ಲ ಕೊಟ್ಟಿದೆ. ಎಂಜಿನ್ನಿನ ಸುತ್ತುಗಳು ಯಾವ ದರದಲ್ಲಿ ಏರಬೇಕು ಎಂಬುದಕ್ಕೂ, ಆ ಏರುವ ದರವೇ ಎಷ್ಟು ಬೇಗ ಹೆಚ್ಚಬೇಕು ಎಂಬುದಕ್ಕೂ ಪ್ರತ್ಯೇಕ ಸಾಲುಗಳಿವೆ. ಎರಡನೆಯದನ್ನು ಕಡಿಮೆ ಇಟ್ಟರೆ ಎಂಜಿನ್ ಮೊದಲು ಹಿಂಜರಿದು ಆಮೇಲೆ ಏರುತ್ತದೆ, ನಿಜವಾದ ಆಲ್ಕೋ ವರ್ತಿಸುವುದೂ ಹಾಗೆಯೇ. ಖಾಲಿ ಓಟದ (ಎಳೆತವಿಲ್ಲದೆ ಎಂಜಿನ್ ಸುಮ್ಮನೆ ತಿರುಗುವ, ಐಡ್ಲಿಂಗ್) ವೇಗ ನಿಮಿಷಕ್ಕೆ 400 ಸುತ್ತು, ಎಂಟನೆಯ ನಾಚಿನಲ್ಲಿ 1,000 ಸುತ್ತು. ಈ ಎರಡು ಅಂಕಿಗಳನ್ನು ಸರಿಯಾಗಿ ತುಂಬಿ, ನಡುವಿನ ನಾಚ್‌ಗಳಿಗೆ ಸುತ್ತುಗಳನ್ನೂ ಪ್ರತಿ ಸುತ್ತಿಗೆ ಶಕ್ತಿಯನ್ನೂ ಕೋಷ್ಟಕಗಳಲ್ಲಿ ಬರೆದರೆ, ಎಳೆತ ತಾನಾಗಿಯೇ ಎಂಜಿನ್ನಿನ ಹಿಂದೆ ಹಿಂದೆ ಬರುತ್ತದೆ. ಹೊಗೆಗೂ ಎರಡು ಬಣ್ಣಗಳನ್ನು ಕೊಡಬಹುದು: ಎಂಜಿನ್ ಒಂದೇ ವೇಗದಲ್ಲಿರುವಾಗಿನದು ಒಂದು, ವೇಗ ಬದಲಾಗುತ್ತಿರುವಾಗಿನದು ಮತ್ತೊಂದು. ಮೊದಲನೆಯದಕ್ಕೆ ತೆಳು ಬೂದು, ಎರಡನೆಯದಕ್ಕೆ ಗಾಢ ಕಪ್ಪು ಕೊಟ್ಟರೆ ಸಾಕು. ಕೆಲವರು ಎರಡಕ್ಕೂ ಕಪ್ಪನ್ನೇ ಕೊಟ್ಟು ಲೋಕೊ ಇಡೀ ಹಾದಿ ಹೊಗೆ ಕಾರುವಂತೆ ಮಾಡುತ್ತಾರೆ. ಸುಸ್ಥಿತಿಯಲ್ಲಿರುವ ಆಲ್ಕೋ ಹಾಗೆ ಮಾಡುವುದಿಲ್ಲ, ಮತ್ತು ಆ ಲೋಕೊಗಳನ್ನು ಶೆಡ್ಡುಗಳಲ್ಲಿ ಜತನದಿಂದ ನೋಡಿಕೊಂಡವರಿಗೆ ಅದು ನ್ಯಾಯವೂ ಅಲ್ಲ.

ಶಬ್ದದ ವಿಷಯಕ್ಕೆ ಬಂದಾಗ ಕೊಂಚ ಗಣಿತ ಬಹಳ ಉಪಕಾರಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. 16 ಸಿಲಿಂಡರುಗಳು ನಿಮಿಷಕ್ಕೆ 400 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 53 ಬಾರಿ, 1,000 ಸುತ್ತಿನಲ್ಲಿ ಸುಮಾರು 133 ಬಾರಿ ಸಿಡಿಯುತ್ತವೆ. ಜಿಪಿ-38ರ ಎಂಜಿನ್ ಎರಡು ಸ್ಟ್ರೋಕಿನದು. ಅದರಲ್ಲಿ ಪ್ರತಿ ಸುತ್ತಿಗೂ ಸಿಡಿತವಿರುವುದರಿಂದ 900 ಸುತ್ತಿನಲ್ಲಿ ಸೆಕೆಂಡಿಗೆ 240 ಸಿಡಿತಗಳಾಗುತ್ತವೆ. ಅದಕ್ಕೆ ಟರ್ಬೋ ಕೂಡ ಇಲ್ಲ. ಅಂತಹ ಎಂಜಿನ್ನಿನ ಶಬ್ದವನ್ನು ಡಬ್ಲ್ಯೂಡಿಎಂ-2ಕ್ಕೆ ಜೋಡಿಸಿದರೆ ಗಡಸಾದ, ಎಡೆಬಿಡದ ಗುಂಯ್‌ಗುಡಿಕೆ ಕೇಳುತ್ತದೆಯೇ ಹೊರತು, ಬಿಡಿಬಿಡಿಯಾಗಿ ಎಣಿಸಬಹುದೇನೋ ಎನ್ನಿಸುವ ಆಲ್ಕೋದ ಖಾಲಿ ಓಟದ ತಾಳ ಕೇಳುವುದಿಲ್ಲ. ಕೃಷ್ಣರಾಜಪುರದ ಆಲ್ಕೋಗಳನ್ನೂ ಹುಬ್ಬಳ್ಳಿ ಶೆಡ್ಡಿನ ಎರಡು ಸ್ಟ್ರೋಕಿನ ಡಬ್ಲ್ಯೂಡಿಜಿ-4ಗಳನ್ನೂ ಕೇಳಿ ಬೆಳೆದ ನಮ್ಮವರ ಕಿವಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಶಬ್ದದ ಫೈಲುಗಳಲ್ಲಿ ಕಾಣುವ ಇನ್ನೊಂದು ದೋಷವೆಂದರೆ ಖಾಲಿ ಓಟದ ಒಂದೇ ಧ್ವನಿಮುದ್ರಣವನ್ನು ಎಂಟನೆಯ ನಾಚಿನವರೆಗೂ ಹಿಗ್ಗಿಸುವುದು. 400ರಿಂದ 1,000ಕ್ಕೆ ಹೋಗುವಾಗ ಶ್ರುತಿಯನ್ನು ಎರಡೂವರೆ ಪಟ್ಟು ಏರಿಸಬೇಕಾಗುತ್ತದೆ. ಆಗ ಎಂಜಿನ್ನಿನ ಮೂಲ ದನಿಯ ಜೊತೆಗೆ ಸುತ್ತಲಿನ ಲೋಹದ ಮೈಯ ಗುನುಗು ಕೂಡ ಮೇಲೇರಿ, ಇಡೀ ಲೋಕೊ ಆಟಿಕೆಯಂತೆ ಕೇಳುತ್ತದೆ. ನಿಜವಾದ ಲೋಕೊದಲ್ಲಿ ಸಿಡಿತದ ವೇಗ ಏರುತ್ತದೆ, ಮೈಯ ಗುನುಗು ಹೆಚ್ಚೂಕಡಿಮೆ ಇದ್ದಲ್ಲಿಯೇ ಇರುತ್ತದೆ. ಕೆಳಗಿನ, ನಡುವಿನ ಮತ್ತು ಮೇಲಿನ ನಾಚ್‌ಗಳಿಗೆ ಬೇರೆ ಬೇರೆ ಮುದ್ರಣಗಳನ್ನು ಬಳಸಿ, ಒಂದು ಇಳಿಯುವಾಗ ಮತ್ತೊಂದು ಏರುವಂತೆ ಜೋಡಿಸುವುದೇ ಇದಕ್ಕೆ ಪರಿಹಾರ. ಮುದ್ರಣವೊಂದು ಯಾವ ನಾಚಿನದು ಎಂದು ಅನುಮಾನ ಬಂದರೆ, ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಅದರ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಬ್ದವಿದೆ ಎಂದು ತೋರಿಸುವ ಚಿತ್ರ) ತೆರೆದು ಸಿಡಿತದ ಗೆರೆ ಎಲ್ಲಿದೆ ಎಂದು ನೋಡಿ. ಅದು 53ರ ಬಳಿ ಇದ್ದರೆ ಖಾಲಿ ಓಟ, 133ರ ಬಳಿ ಇದ್ದರೆ ಎಂಟನೆಯ ನಾಚ್. ಟರ್ಬೋದ ಸಿಳ್ಳನ್ನು ಮಾತ್ರ ಪ್ರತ್ಯೇಕ ಫೈಲಿನಲ್ಲಿ ಇಟ್ಟುಕೊಂಡು, ಎಂಜಿನ್ನಿಗಿಂತ ತುಸು ತಡವಾಗಿ ಏರುವಂತೆ ಹೊಂದಿಸುವುದು ಬಹಳ ತೃಪ್ತಿ ಕೊಡುವ ಕೆಲಸ.

ಬ್ರೇಕಿನ ವಿಷಯವನ್ನು ಹಳೆಯ ರೈಲುಗಳ ಅಭಿಮಾನಿಗಳು ಕೂಡ ಕಡೆಗಣಿಸುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಮೂಲ ಡಬ್ಲ್ಯೂಡಿಎಂ-2 ರೈಲನ್ನು ನಿಲ್ಲಿಸುತ್ತಿದ್ದುದು ವ್ಯಾಕ್ಯೂಮ್ ಬ್ರೇಕಿನಿಂದ. ಲೋಕೊದಲ್ಲಿ 53 ಸೆಂ.ಮೀ. ಪಾದರಸದಷ್ಟು ನಿರ್ವಾತ ಇದ್ದಾಗ ಬ್ರೇಕುಗಳು ಬಿಟ್ಟಿರುತ್ತವೆ; ಗಾಳಿ ಒಳನುಗ್ಗಿದಾಗ ಹಿಡಿಯುತ್ತವೆ. ಆ ನಿರ್ವಾತವನ್ನು ಉಂಟುಮಾಡುವ ಎಕ್ಸ್‌ಪ್ರೆಸರ್ ಎಂಬ ಪಂಪು ಮುಖ್ಯ ಎಂಜಿನ್ನಿನಿಂದಲೇ ತಿರುಗುವುದರಿಂದ, ಎಂಜಿನ್ ನಿಧಾನವಾಗಿರುವಾಗ ನಿರ್ವಾತ ಕೂಡುವುದೂ ನಿಧಾನ. ಉದ್ದನೆಯ ರೈಲಿನ ಕೊನೆಯ ಡಬ್ಬಿಯವರೆಗೆ ಬ್ರೇಕು ಬಿಡುವುದನ್ನು ಕಾಯುತ್ತ ನಿಲ್ಲುವುದು ಆ ಕಾಲದ ಚಾಲನೆಯ ಅವಿಭಾಜ್ಯ ಅಂಗವಾಗಿತ್ತು. ಇಂದಿನ ಏರ್ ಬ್ರೇಕಿನ ಅಂಕಿಗಳನ್ನು ಹೊತ್ತ ಮಾದರಿಯಲ್ಲಿ ಆ ಕಾಯುವಿಕೆಯೇ ಇರುವುದಿಲ್ಲ. ಓಪನ್ ರೈಲ್ಸ್‌ನಲ್ಲಿ ವ್ಯಾಕ್ಯೂಮ್ ಬ್ರೇಕಿಗೆ ಪೂರ್ಣ ಬೆಂಬಲವಿದೆ. ಲೋಕೊದ ಜೊತೆಗೆ ಡಬ್ಬಿಗಳ ಫೈಲುಗಳಲ್ಲಿಯೂ ಬ್ರೇಕಿನ ಬಗೆಯನ್ನು ಬದಲಿಸಬೇಕು ಎಂಬುದನ್ನಷ್ಟೇ ಮರೆಯಬಾರದು.

ಕ್ಯಾಬಿನ ಬಗ್ಗೆ ಒಂದೆರಡು ಮಾತು. ಈ ಲೋಕೊಗೆ ಕ್ಯಾಬ್ ಒಂದೇ, ಆದರೆ ಎರಡೂ ದಿಕ್ಕಿಗೆ ಓಡಿಸಲು ಒಳಗೆ ಎರಡು ಕಂಟ್ರೋಲ್ ಸ್ಟ್ಯಾಂಡುಗಳಿವೆ. ಉದ್ದನೆಯ ಹುಡ್ ಮುಂದಾಗಿ ಓಡುವಾಗ ಚಾಲಕನ ಎದುರಿಗೆ ಎಂಜಿನ್ನಿನ ಗೋಡೆಯೇ ಇರುತ್ತದೆ, ಹಳಿ ಕಾಣುವುದು ಪಕ್ಕದ ಸಣ್ಣ ಕಿಟಕಿಯಿಂದ. ಒಂದೇ ದಿಕ್ಕಿನ ನೋಟವಿರುವ ಮಾದರಿಯನ್ನು ಅರ್ಧ ಮಾದರಿ ಎಂದೇ ಪರಿಗಣಿಸುತ್ತೇನೆ. ಅಮೆರಿಕದ ಲೋಕೊದ ಕ್ಯಾಬನ್ನು ಎರವಲು ಪಡೆದಿದ್ದರೆ ಬೇರೊಂದು ಭಾರತೀಯ ಮಾದರಿಯಿಂದ, ಕರ್ತೃವಿನ ಒಪ್ಪಿಗೆಯ ಮೇರೆಗೆ, ಬದಲಿಸಿಕೊಳ್ಳಬಹುದು. ಮೈಯ ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದೊಂದು ಶೆಡ್ಡಿಗೂ ತನ್ನದೇ ಬಣ್ಣದ ಪದ್ಧತಿ ಇತ್ತು, ಆಯಾ ಕಾಲದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದರೆ ದಾರಿ ತಪ್ಪುವುದಿಲ್ಲ.

ತಿದ್ದುವ ಕ್ರಮವೂ ಮುಖ್ಯ. ಮೂಲ ಎಂಜಿನ್ ಫೈಲನ್ನು ನಾನು ಎಂದಿಗೂ ಮುಟ್ಟುವುದಿಲ್ಲ. ಲೋಕೊದ ಫೋಲ್ಡರಿನೊಳಗೆ ಓಪನ್‌ರೈಲ್ಸ್ ಎಂಬ ಹೆಸರಿನ ಉಪಫೋಲ್ಡರ್ ಮಾಡಿ, ಅದೇ ಹೆಸರಿನ ಹೊಸ ಫೈಲೊಂದನ್ನು ಇಟ್ಟು, ಅದರ ಆರಂಭದಲ್ಲಿ ಇನ್‌ಕ್ಲೂಡ್ ಸಾಲಿನ ಮೂಲಕ ಮೂಲ ಫೈಲನ್ನು ಸೇರಿಸಿಕೊಂಡು, ಬದಲಾಗಬೇಕಾದ ಸಾಲುಗಳನ್ನು ಮಾತ್ರ ಕೆಳಗೆ ಬರೆದರೆ ಸಾಕು; ಸಿಮ್ಯುಲೇಟರ್ ಹೊಸ ಅಂಕಿಗಳನ್ನು ತೆಗೆದುಕೊಳ್ಳುತ್ತದೆ. ಒಂದು ಬಾರಿಗೆ ಒಂದೇ ಗುಂಪನ್ನು ಬದಲಿಸಿ, ಅದೇ ಏರಿನಲ್ಲಿ ಅದೇ ತೂಕದ ರೈಲನ್ನು ಓಡಿಸಿ ನೋಡಬೇಕು. ಮೊದಲು ಎಳೆತ, ಆಮೇಲೆ ಸುತ್ತುಗಳು, ಆಮೇಲೆ ಹೊಗೆ, ಕೊನೆಗೆ ಶಬ್ದ. ಸುತ್ತುಗಳು ಸರಿಯಾಗುವ ಮುನ್ನ ಶಬ್ದಕ್ಕೆ ಕೈಹಾಕಿದರೆ ಇಡೀ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ, ಏಕೆಂದರೆ ಶಬ್ದದ ಏರಿಳಿತ ನಿಂತಿರುವುದೇ ಸುತ್ತುಗಳ ಮೇಲೆ. ಇನ್ನು ಹಂಚಿಕೆಯ ವಿಷಯ: ನಿಮ್ಮ ತಿದ್ದುಪಡಿಯ ಸಾಲುಗಳು ನಿಮ್ಮವು, ಆದರೆ ಆಕಾರ ಮತ್ತು ಬಣ್ಣದ ಫೈಲುಗಳು ಅವನ್ನು ಮಾಡಿದವರದು. ಮಾದರಿಯ ಜೊತೆಗೆ ಬರುವ ಓದುಟಿಪ್ಪಣಿಯಲ್ಲಿ ಕರ್ತೃ ವಿಧಿಸಿರುವ ಷರತ್ತುಗಳನ್ನು ಓದದೆ ಇಡೀ ಮಾದರಿಯನ್ನು ಮರುಹಂಚಿಕೆ ಮಾಡುವುದು ತಪ್ಪು. ಚಿಕ್ಕ ಫೈಲನ್ನು ಮಾತ್ರ ಹಂಚುವ ಈ ವಿಧಾನದಿಂದ ಆ ಇಕ್ಕಟ್ಟು ತಾನಾಗಿಯೇ ಬಗೆಹರಿಯುತ್ತದೆ.

ಇದೇ ಕ್ರಮವನ್ನು ಮೀಟರ್‌ಗೇಜಿನ ವೈಡಿಎಂ-4ಕ್ಕೂ ಅನ್ವಯಿಸಬಹುದು. ಅದೂ ಆಲ್ಕೋ ಸಂತಾನವೇ, ಆದರೆ 72 ಟನ್ನಿನ, ಆರು ಸಿಲಿಂಡರಿನ ಹಗುರ ಲೋಕೊ. ಖಾಲಿ ಓಟದಲ್ಲಿ 400 ಸುತ್ತಿಗೆ ಸೆಕೆಂಡಿಗೆ 20 ಸಿಡಿತಗಳಷ್ಟೇ ಆಗುವುದರಿಂದ ಅದರ ತಾಳ ಇನ್ನೂ ಬಿಡಿಯಾಗಿ ಕೇಳಬೇಕು. ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗೆ ಇಳಿಯುವ ಘಾಟಿಯ 37ಕ್ಕೆ 1ರ ಏರಿನಲ್ಲಿ ಪ್ರತಿ ಟನ್ನಿಗೆ 27 ಕೆ.ಜಿ. ಬಲ ಬೇಕು ಎಂಬ ಲೆಕ್ಕವನ್ನು ಹಿಡಿದು, ಮೀಟರ್‌ಗೇಜಿನ ಕಾಲದಲ್ಲಿ ಅಲ್ಲಿ ಓಡಿದ ರೈಲುಗಳ ತೂಕಕ್ಕೆ ಹೊಂದಿಸುತ್ತ ಅದರ ಎಂಜಿನ್ ಫೈಲನ್ನು ಈಗ ಸಿದ್ಧಪಡಿಸುತ್ತಿದ್ದೇನೆ. ಎಳೆತ ಮತ್ತು ಹೊಗೆಯ ಕೆಲಸ ಮುಗಿದಿದೆ. ಶಬ್ದಕ್ಕೆ ಮಾತ್ರ ಹಳೆಯ ಧ್ವನಿಮುದ್ರಣಗಳು ಬೇಕು. ಮೀಟರ್‌ಗೇಜಿನ ದಿನಗಳಲ್ಲಿ ಕ್ಯಾಸೆಟ್ಟಿನಲ್ಲೋ ವಿಡಿಯೋ ಕ್ಯಾಮೆರಾದಲ್ಲೋ ವೈಡಿಎಂ-4ರ ಸದ್ದನ್ನು ಹಿಡಿದಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಕ್ಯಾಸೆಟ್ಟುಗಳನ್ನು ಎಸೆಯದೆ, ಪೂರ್ಣ ಗುಣಮಟ್ಟದಲ್ಲಿ, ಕತ್ತರಿಸದೆ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಿ. ಬಹಳ ಮುಖ್ಯವಾಗಿ ಬೇಕಾಗಿರುವುದು ನಿಂತ ಲೋಕೊದ ಖಾಲಿ ಓಟದ ಸದ್ದು ಮತ್ತು ಮೊದಲ ನಾಚಿನಿಂದ ಎಂಟನೆಯದಕ್ಕೆ ಏರುವ ಸದ್ದು.